ಬೆಳಗಿನ ಆಟ, ಮಧ್ಯಾಹ್ನದ ವಿಮರ್ಶೆ: ನನ್ನ ಅನುಭವ

ಮೊದಲ ದಿನದ ಮೊದಲ ಆಟವನ್ನು ಅಭಿಮಾನಿಗಳ ಶಿಳ್ಳೆಯ ನಡುವೆ ನೋಡಿ, ಮಧ್ಯಾಹ್ನದೊಳಗೆ ಬರೆದ ವಿಮರ್ಶೆಗೆ ಬಾಳಿಕೆ ಇರುವುದಿಲ್ಲವೆಂದು ನನ್ನ ಬರಹಗಾರ ಮಿತ್ರರು ಬಹುಕಾಲ ವಾದಿಸುತ್ತಿದ್ದರು. ಹಾಲಿವುಡ್‌ನ ಸೂಪರ್‌ಹೀರೊ ಚಿತ್ರ ‘ದಿ ಫ್ಲ್ಯಾಶ್’ ಅಮೆರಿಕಕ್ಕಿಂತ ಒಂದು ದಿನ ಮೊದಲೇ, 2023ರ ಜೂನ್ 15ರಂದು, ನಮ್ಮಲ್ಲಿ ತೆರೆಕಂಡಾಗ ಆ ವಾದ ಮುಗಿಯಿತು. ಏಪ್ರಿಲ್‌ನಲ್ಲಿ ಲಾಸ್ ವೇಗಾಸ್‌ನಲ್ಲಿ ನಡೆದ ಚಿತ್ರಮಂದಿರ ಮಾಲೀಕರ ಸಮ್ಮೇಳನ ಸಿನಿಮಾಕಾನ್‌ನಲ್ಲಿ ಅದರ ಅಪೂರ್ಣ ಪ್ರತಿ ನೋಡಿದವರಲ್ಲಿ ಅನೇಕರು ಹಾಡಿಹೊಗಳಿದ್ದರು. ಅದಕ್ಕೆ ವಿರುದ್ಧವಾಗಿ ಬರೆದರೆ ಆತುರದ ಮಾತೆನಿಸುತ್ತದೆ ಎಂದು ಎಚ್ಚರಿಸಿದವರೂ ಇದ್ದರು.

ಕತ್ತಲಲ್ಲಿ ಟಿಪ್ಪಣಿ ಮಾಡುವುದಕ್ಕೆ ನಾನು ಪಟ್ಟ ಪಾಡು ದೊಡ್ಡದು. ಮೊಬೈಲಿನ ಬೆಳಕನ್ನು ಎಷ್ಟು ತಗ್ಗಿಸಿದರೂ ಹಿಂದಿನ ಸಾಲಿನವರು ಗದರಿದರು. ಕೆಂಪು ಕಾಗದ ಸುತ್ತಿದ ಪುಟ್ಟ ಟಾರ್ಚಿಗೆ ಸುಮಾರು ನಾನೂರು ರೂಪಾಯಿ ಸುರಿದದ್ದೂ ದಂಡವಾಯಿತು. ನೋಟ್‌ಬುಕ್ಕಿನಲ್ಲಿ ಸಾಲಿನ ಮೇಲೆ ಸಾಲು ಬಿದ್ದು ಏನೂ ಓದಲಾಗುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಅಂಚೆ ಕಾರ್ಡಿನ ಅಳತೆಯ ದಪ್ಪ ಹಾಳೆಗಳು: ಒಂದು ದೃಶ್ಯಕ್ಕೆ ಒಂದು ಹಾಳೆ, ಅದರಲ್ಲಿ ರೇಡಿಯಂ ಮುಳ್ಳಿನ ಗಡಿಯಾರ ತೋರುವ ಹೊತ್ತು ಮತ್ತು ಒಂದೇ ಒಂದು ಪದ, ಬರೆದದ್ದು ಬಲಜೇಬಿಗೆ. ಹಾಳೆಗಳ ಕ್ರಮ ತಪ್ಪದಂತೆ ನಾನು ಮಾಡುವ ಗುರುತನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ಆರಂಭದಲ್ಲೇ ಆಸ್ಪತ್ರೆಯ ಕಟ್ಟಡ ಕುಸಿದು ಹಸುಗೂಸುಗಳು ಗಾಳಿಯಲ್ಲಿ ಬೀಳುವ ದೃಶ್ಯಕ್ಕೆ ನಾನು ಬರೆದ ಪದ ‘ಮೇಣ’. ಮಕ್ಕಳ ಮುಖ ಅಷ್ಟು ನಿರ್ಜೀವವಾಗಿತ್ತು. ಆತಂಕಪಡಬೇಕಾದ ಸಭಾಂಗಣ ನಕ್ಕಿತು. ಆ ವಿರೂಪ ಉದ್ದೇಶಪೂರ್ವಕ, ಅದು ನಾಯಕ ಬ್ಯಾರಿಯ ಕಣ್ಣಿಗೆ ಕಾಣುವ ಜಗತ್ತು ಎಂದು ನಿರ್ದೇಶಕ ಆಂಡಿ ಮುಸ್ಕಿಯೆಟ್ಟಿ ಸಮರ್ಥಿಸಿಕೊಂಡರು. ಉದ್ದೇಶ ಏನೇ ಇರಲಿ, ಮಗು ಮಗುವಿನಂತೆ ಕಾಣದಿದ್ದರೆ ಅದು ಉಳಿಯಲೆಂದು ಮನಸ್ಸು ತುಡಿಯುವುದಿಲ್ಲ. ಹಿಂದೆ ಸೂಪರ್‌ಮ್ಯಾನ್ ಪಾತ್ರ ಮಾಡಿದ್ದ, 2004ರಲ್ಲಿ ತೀರಿಕೊಂಡ ನಟ ಕ್ರಿಸ್ಟೊಫರ್ ರೀವ್ ಅವರನ್ನು ಕಂಪ್ಯೂಟರಿನಲ್ಲಿ ಮರುಸೃಷ್ಟಿಸಿ ತೋರಿಸಿದ್ದಂತೂ ನನಗೆ ನೋವುಂಟುಮಾಡಿತು.

ಇದರ ಜೊತೆಗೆ, ಕೊನೆಯ ಸಾಲಿನಲ್ಲಿ ಕುಳಿತು, ಬೇಸರವಾದವರು ಕೆಳಗೆ ಬೆಳಗಿಸುವ ಮೊಬೈಲುಗಳನ್ನು ಎಣಿಸುವ ಪ್ರಯೋಗವನ್ನೂ ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. 1992ರ ಬಳಿಕ ಮತ್ತೆ ಬ್ಯಾಟ್‌ಮನ್ ಆಗಿ ಬಂದ ಮೈಕೆಲ್ ಕೀಟನ್ ಅವರ ಪ್ರವೇಶಕ್ಕೆ ಒಂದೂ ಬೆಳಗಲಿಲ್ಲ, ಶಿಳ್ಳೆಯೋ ಶಿಳ್ಳೆ. ಖಳನಾಯಕ ಜನರಲ್ ಜಾಡ್‌ನೊಂದಿಗಿನ ಮರುಭೂಮಿಯ ಕಾಳಗ ಎಳೆದಂತೆಲ್ಲ ಎಣಿಕೆ ಇಪ್ಪತ್ತರ ಆಸುಪಾಸು ಮುಟ್ಟಿತು. ಅದಾದ ಮೇಲೆ ಬ್ಯಾರಿ ಅಂಗಡಿಯಲ್ಲಿ ತಾಯಿಯ ಎದುರು ನಿಂತು, ಕಾಲದಲ್ಲಿ ಹಿಂದೆ ಹೋಗಿ ಅವಳ ಜೀವ ಉಳಿಸಲೆಂದು ತಾನೇ ಇಟ್ಟಿದ್ದ ಟೊಮೆಟೊ ಡಬ್ಬಿಯನ್ನು ಅವಳ ಗಾಡಿಯಿಂದ ತೆಗೆದಿಡುವಾಗ ಎಲ್ಲವೂ ಆರಿದವು. ಎರಡೂವರೆ ಗಂಟೆಗೆ ಸ್ವಲ್ಪ ಕಡಿಮೆಯಿರುವ ಚಿತ್ರದಲ್ಲಿ ನಿಜವಾದ ಅಭಿನಯ ಅಲ್ಲಿತ್ತು. ಹಾಳೆ ಇಲ್ಲದಿದ್ದರೆ ಒಟ್ಟು ನಿರಾಸೆಯಲ್ಲಿ ಅದು ಕೊಚ್ಚಿಹೋಗುತ್ತಿತ್ತು.

ಬೆಳಗಿನ ಟಿಕೆಟ್ಟಿಗೆ ಇನ್ನೂರೈವತ್ತರಷ್ಟು, ಅದೇ ಸಂಜೆ ಬೇರೆ ಬಡಾವಣೆಯಲ್ಲಿ ಮತ್ತೊಮ್ಮೆ ನೋಡಿದ್ದಕ್ಕೆ ಮುನ್ನೂರೈವತ್ತರಷ್ಟು, ಮೆಟ್ರೊ ಮತ್ತು ಊಟ ಸೇರಿ ಒಟ್ಟು ಎಂಟುನೂರು ರೂಪಾಯಿಯ ಆಸುಪಾಸು ಖರ್ಚಾಯಿತು. ಲೇಖನಕ್ಕೆ ಸಿಕ್ಕಿದ್ದು ಸುಮಾರು ಒಂದೂವರೆ ಸಾವಿರ. ಸಂಜೆಯ ಆಟದಲ್ಲಿ ಪ್ರೇಕ್ಷಕರು ಬೇರೆಯಾಗಿದ್ದರೂ ಮೊಬೈಲುಗಳು ಬೆಳಗಿದ್ದು ಬಹುಪಾಲು ಅವೇ ದೃಶ್ಯಗಳಲ್ಲಿ. ಮಧ್ಯಾಹ್ನ ಕಳುಹಿಸಿದ ಬರಹದಲ್ಲಿ ಒಂದು ವಾಕ್ಯವನ್ನೂ ಬದಲಿಸಬೇಕಾಗಲಿಲ್ಲ. ವಾರ ಕಳೆಯುವಷ್ಟರಲ್ಲಿ, ಎಚ್ಚರಿಸಿದ್ದವರಲ್ಲೇ ಇಬ್ಬರು ಆ ಹಾಳೆಗಳನ್ನು ಎಲ್ಲಿ ಕೊಳ್ಳುತ್ತೇನೆಂದು ಕೇಳಿದರು.