ಬೆಳಿಗ್ಗೆ ನಡಿಗೆ, ಮಧ್ಯಾಹ್ನ ಚಾಲನೆ: ಆಲ್ಪ್ಸ್ ಘಾಟಿಗಳಲ್ಲಿ ನನ್ನ ಅನುಭವ

ಮ್ಯೂನಿಕ್‌ನಲ್ಲಿ ಕಾರು ಬಾಡಿಗೆಗೆ ಪಡೆದು, ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಘಾಟಿಯನ್ನು ದಾಟಿ, ಇಟಲಿಯ ಡಾಲಮೈಟ್ ಪರ್ವತಗಳವರೆಗೆ ಹೋಗುವ ಪ್ರವಾಸವನ್ನು ನಾನು ಮತ್ತು ನನ್ನ ಪತ್ನಿ ಒಂದೇ ಒಂದು ನಿಯಮದ ಸುತ್ತ ಹೆಣೆದೆವು. ನಡಿಗೆಯೆಲ್ಲ ಬೆಳಿಗ್ಗೆ, ಕಾರಿನ ಪ್ರಯಾಣವೆಲ್ಲ ಮಧ್ಯಾಹ್ನದ ನಂತರ. ಬೇಸಿಗೆಯಲ್ಲಿ ಅಲ್ಲಿನ ಆಕಾಶ ಸಾಮಾನ್ಯವಾಗಿ ಬೆಳಿಗ್ಗೆ ತಿಳಿಯಾಗಿರುತ್ತದೆ. ಬಿಸಿಲು ಏರಿದಂತೆ ಕಣಿವೆಯ ಗಾಳಿ ಕಾದು ಮೇಲಕ್ಕೆದ್ದು, ಊಟದ ಹೊತ್ತು ದಾಟುವಷ್ಟರಲ್ಲಿ ಶಿಖರಗಳ ಮೇಲೆ ಮೋಡ ಕಟ್ಟಿ, ಅನೇಕ ದಿನಗಳಲ್ಲಿ ಗುಡುಗು ಸಿಡಿಲಿನ ಮಳೆ ಸುರಿಯುತ್ತದೆ. ಮರಗಳೇ ಇಲ್ಲದ ಬೋಳು ಏಣುಗಳ ಮೇಲೆ ಸಿಡಿಲಿಗೆ ಸಿಕ್ಕಿಬೀಳುವುದು ನಿಜವಾದ ಅಪಾಯ. ಅದೇ ಹೊತ್ತಿನಲ್ಲಿ ಮುಚ್ಚಿದ ಕಾರಿನೊಳಗೆ ಕುಳಿತು ಮುಂದಿನ ಊರಿಗೆ ಸಾಗುವುದು ಎಷ್ಟೋ ಕ್ಷೇಮ.

ಕಾಗದಪತ್ರಗಳ ಕೆಲಸ ದೊಡ್ಡದೇನಲ್ಲ. ನಮ್ಮ ಚಾಲನಾ ಪರವಾನಗಿಯ ಜೊತೆಗೆ ಆರ್‌ಟಿಒ ಕೊಡುವ ಅಂತಾರಾಷ್ಟ್ರೀಯ ಪರವಾನಗಿಯನ್ನು ಮಾಡಿಸಿಕೊಳ್ಳಬೇಕು. ಕಾರನ್ನು ಯಾವ ಯಾವ ದೇಶಗಳಿಗೆ ಒಯ್ಯುತ್ತೇವೆಂದು ಬಾಡಿಗೆ ಸಂಸ್ಥೆಗೆ ಮೊದಲೇ ತಿಳಿಸಬೇಕು. ಆಸ್ಟ್ರಿಯಾದ ಹೆದ್ದಾರಿಗಳಲ್ಲಿ ಹೋಗುವುದಾದರೆ ವಿನ್ಯೆಟ್ ಎಂಬ ಶುಲ್ಕಚೀಟಿ ಬೇಕು. ಗ್ರಾಸ್‌ಗ್ಲಾಕ್ನರ್ ರಸ್ತೆಯ ಟೋಲ್ ಇದರಲ್ಲಿ ಸೇರುವುದಿಲ್ಲ.

ಎಂಜಿನಿಯರ್ ಫ್ರಾಂಟ್ಸ್ ವಾಲಾಕ್ ಅವರ ಯೋಜನೆಯಂತೆ ನಿರ್ಮಾಣವಾಗಿ 1935ರಲ್ಲಿ ಸಂಚಾರಕ್ಕೆ ತೆರೆದ ಈ ರಸ್ತೆ 48 ಕಿಲೋಮೀಟರ್ ಉದ್ದವಿದ್ದು, 36 ಹೇರ್‌ಪಿನ್ ತಿರುವುಗಳನ್ನು ಹತ್ತಿ ಹೋಖ್‌ಟೋರ್ ಎಂಬಲ್ಲಿ 2,504 ಮೀಟರ್ ಎತ್ತರದಲ್ಲಿ ಬೆಟ್ಟಸಾಲನ್ನು ದಾಟುತ್ತದೆ. ಚಾರ್ಮಾಡಿ, ಆಗುಂಬೆ ಘಾಟಿಗಳಲ್ಲಿ ಕಾರು ಓಡಿಸಿದವರಿಗೆ ತಿರುವುಗಳು ಭಯ ಹುಟ್ಟಿಸುವುದಿಲ್ಲ. ಹೊಸದಾಗಿ ಅಭ್ಯಾಸವಾಗಬೇಕಾದದ್ದು ರಸ್ತೆಯ ಬಲಬದಿಯಲ್ಲಿ ಸಾಗುವುದು, ಮತ್ತು ಅದಕ್ಕಿಂತ ಹೆಚ್ಚಾಗಿ ಇಳಿಜಾರಿನ ಉದ್ದ. ಗಂಟೆಗಟ್ಟಲೆ ಬ್ರೇಕ್ ಒತ್ತಿಕೊಂಡೇ ಇಳಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಹತ್ತುವಾಗ ಬಳಸಿದ ಗೇರಿನಲ್ಲೇ ಇಳಿಯುತ್ತ, ವೇಗವನ್ನು ಎಂಜಿನ್ನಿನಿಂದಲೇ ತಡೆದು, ಬ್ರೇಕನ್ನು ತಿರುವಿನ ಮುಂಚೆ ಮಾತ್ರ ಒತ್ತುತ್ತಿದ್ದೆ.

ನಮ್ಮ ನಿಯಮದಂತೆ ಮಧ್ಯಾಹ್ನವೇ ಘಾಟಿ ದಾಟಿ ದಕ್ಷಿಣದ ಹೈಲಿಗೆನ್‌ಬ್ಲುಟ್ ಊರಿನಲ್ಲಿ ತಂಗಿದೆವು. ಮಾರನೆಯ ದಿನಕ್ಕೆ ಮತ್ತೆ ಟೋಲ್ ತೆರಬೇಕಾಗಿ ಬಂದರೂ ಚಿಂತೆಯಿಲ್ಲವೆಂದು, ಬೆಳಿಗ್ಗೆ ಕೈಸರ್ ಫ್ರಾಂಟ್ಸ್ ಯೋಸೆಫ್ ಹೋಹೆ ಎಂಬ 2,369 ಮೀಟರ್ ಎತ್ತರದ ತಾಣಕ್ಕೆ ಹೋದೆವು. ಎದುರಿಗೆ ಆಸ್ಟ್ರಿಯಾದ ಅತಿ ಎತ್ತರದ ಶಿಖರ, 3,798 ಮೀಟರಿನ ಗ್ರಾಸ್‌ಗ್ಲಾಕ್ನರ್. ಅದರ ಬುಡದಲ್ಲಿ ಪಾಸ್ಟರ್ಜೆ ಹಿಮನದಿ. ಹಿಮನದಿಯೆಂದರೆ ಬೆಳ್ಳಗೆ ಹೊಳೆಯುವ ಹಾಸನ್ನು ನಿರೀಕ್ಷಿಸುವವರಿಗೆ ಇದರ ಕೆಳತುದಿ ಬೇರೆಯೇ ಕಾಣುತ್ತದೆ. ಕಲ್ಲುಜಲ್ಲಿ ಹೊದ್ದ ಬೂದುಬಣ್ಣದ ಮಂಜುಗಡ್ಡೆ, ಅದರ ಮುಂದೆ ಕಲ್ಲಿನ ಹಿಟ್ಟು ಕದಡಿದ ನೀರು. ಒಮ್ಮೆ ಪ್ರವಾಸಿಗರನ್ನು ಹಿಮದ ಅಂಚಿಗೇ ಇಳಿಸಲೆಂದು 1963ರಲ್ಲಿ ಕಟ್ಟಿದ ಹಳಿಬಂಡಿಯ ಕೆಳನಿಲ್ದಾಣದಿಂದ ಈಗ ಹಿಮ ಬಹಳ ಕೆಳಗೆ ಕುಸಿದಿದೆ. ಅಲ್ಲಿಂದ ಮುಂದಕ್ಕೆ ಕಾಲುದಾರಿಯಲ್ಲಿ ಇಳಿಯುವಾಗ, ಹಿಮನದಿ ಉಜ್ಜಿ ನುಣುಪಾಗಿಸಿದ ಬಂಡೆಗಳ ಮೇಲೆ ಅದು ಹರಿದ ದಿಕ್ಕಿನಲ್ಲೇ ಎಳೆದ ಗೀರುಗಳು ಬೆರಳಿಗೆ ಸಿಗುತ್ತವೆ. ಈ ದಾರಿಯನ್ನು ಇಳಿಯದೆ ಮೇಲಿನ ಕಟಾಂಜನದಿಂದಲೇ ಫೋಟೋ ತೆಗೆದು ಹಿಂದಿರುಗುವವರ ಬಗ್ಗೆ ನನಗೆ ಮರುಕವೆನಿಸಿತು. ಒಂದು ಎಚ್ಚರಿಕೆ ಮಾತ್ರ ಬೇಕು. ಕುಮಾರಪರ್ವತದಂತಹ ಚಾರಣಗಳಲ್ಲಿ ನಾವು ಮೊದಲು ಹತ್ತಿ ಆಮೇಲೆ ಇಳಿಯುತ್ತೇವೆ, ಇಲ್ಲಿ ದಣಿದ ಕಾಲಿನಲ್ಲಿ ಹತ್ತಬೇಕು. ಇಳಿಯಲು ಹಿಡಿದ ಸಮಯದ ಎರಡು ಪಟ್ಟನ್ನು ಹತ್ತಲು ಇಟ್ಟುಕೊಂಡೆವು.

ಲಿಯೆನ್ಜ್ ಮೂಲಕ ಗಡಿ ದಾಟಿ ಮಿಸುರಿನಾ ಸರೋವರದ ಬಳಿಗೆ ಬಂದರೆ ಬೆಟ್ಟಗಳ ಸ್ವರೂಪವೇ ಬದಲಾಗುತ್ತದೆ. ಪ್ರಾಚೀನ ಉಷ್ಣವಲಯದ ಸಮುದ್ರದಲ್ಲಿ ಬೆಳೆದ ದಿಬ್ಬಗಳೂ ಕೆಸರೂ ಕಲ್ಲಾಗಿ ಮೇಲೆದ್ದಿರುವ ಈ ಬಿಳಿಚು ಗೋಡೆಗಳನ್ನು ಯುನೆಸ್ಕೊ 2009ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಟ್ರೆ ಚಿಮೆ ಎಂಬ ಮೂರು ಶಿಖರಗಳ ಸುತ್ತಿನ ನಡಿಗೆ ನಮ್ಮ ಪ್ರವಾಸದ ಅತ್ಯುತ್ತಮ ಭಾಗ. ಔರೊನ್ಜೊ ಎಂಬ, ಚಾರಣಿಗರಿಗೆ ಊಟ-ವಸತಿ ಕೊಡುವ ಆಶ್ರಯಮನೆಯವರೆಗೆ, ಅಂದರೆ 2,320 ಮೀಟರ್ ಎತ್ತರದವರೆಗೆ, ಟೋಲ್ ರಸ್ತೆಯಿದೆ. ಬೇಸಿಗೆಯಲ್ಲಿ ಕಾರು ನಿಲ್ಲಿಸುವ ಜಾಗವನ್ನು ಈಗ ಆನ್‌ಲೈನಿನಲ್ಲಿ ಮುಂಗಡವಾಗಿ ಕಾಯ್ದಿರಿಸಬೇಕು. ಅಲ್ಲಿಂದ 101ನೆಯ ಸಂಖ್ಯೆಯ ದಾರಿ ಹಿಡಿದು, 2,454 ಮೀಟರಿನ ಲಾವಾರೆದೊ ಕಣಿವೆಬಾಯಿ (ಎರಡು ಬೆಟ್ಟಗಳ ನಡುವಿನ ತಗ್ಗು) ದಾಟಿ ಲೊಕಾಟೆಲ್ಲಿ ಆಶ್ರಯಮನೆಗೆ ಹೋಗಿ, 105ನೆಯ ದಾರಿಯಲ್ಲಿ ಹಿಂದಿರುಗಿದರೆ ಸುಮಾರು 10 ಕಿಲೋಮೀಟರ್. ಬಂಡೆಗಳ ಮೇಲೆ ಕೆಂಪು ಬಿಳಿ ಪಟ್ಟಿಗಳ ಗುರುತು ಇರುವುದರಿಂದ ದಾರಿ ತಪ್ಪುವ ಸಂಭವ ಕಡಿಮೆ. ಕಣಿವೆಬಾಯಿಯ ತನಕ ಶಿಖರಗಳ ಬೆನ್ನಷ್ಟೇ ಕಾಣುತ್ತಿದ್ದು, ಅದನ್ನು ದಾಟಿದ ಕೂಡಲೇ ಉತ್ತರದ ಗೋಡೆಗಳು ಪೂರ್ತಿಯಾಗಿ ಎದುರು ನಿಲ್ಲುತ್ತವೆ.

ಈ ನೆಲ ಮೊದಲನೆಯ ಮಹಾಯುದ್ಧದಲ್ಲಿ ಇಟಲಿ ಮತ್ತು ಆಸ್ಟ್ರಿಯಾ-ಹಂಗೇರಿ ಸೈನ್ಯಗಳ ನಡುವಿನ ರಣರಂಗವಾಗಿತ್ತು. ಪಕ್ಕದ ಪಾಟೆರ್ನೊ ಬೆಟ್ಟದಲ್ಲಿ ಸೈನಿಕರು ಕೊರೆದ ಸುರಂಗಗಳು ಇಂದಿಗೂ ಇವೆ. ಇಲ್ಲಿನ ಆಶ್ರಯಮನೆಯನ್ನು ನಡೆಸುತ್ತಿದ್ದ ಪರ್ವತ ಮಾರ್ಗದರ್ಶಿ ಸೆಪ್ ಇನ್ನರ್‌ಕೋಫ್ಲರ್ ಜುಲೈ 1915ರಲ್ಲಿ ಅದೇ ಬೆಟ್ಟದ ಮೇಲೆ ಮಡಿದರು. ತಾವು ಬದುಕಿದ್ದಷ್ಟು ಕಾಲ ಜನರನ್ನು ಕರೆದೊಯ್ದು ತೋರಿಸಿದ ಶಿಖರಕ್ಕೆ ಕೊನೆಗೆ ಯುದ್ಧಕ್ಕಾಗಿ ಏರಬೇಕಾಯಿತೆಂಬುದನ್ನು ತಿಳಿದು ಆ ಸುರಂಗಗಳ ಬಾಯಿಗಳನ್ನು ನೋಡುವುದು ಕಷ್ಟವಾಯಿತು.

ಸಸ್ಯಾಹಾರಿಗಳಿಗೆ ಆಶ್ರಯಮನೆಗಳಲ್ಲಿ ಚೀಸ್ ಹಾಕಿದ ಪೊಲೆಂಟಾ ಎಂಬ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಗಂಜಿ ಮತ್ತು ಪಾಲಕ್ ಬೆರೆಸಿದ ಬ್ರೆಡ್ಡಿನ ಉಂಡೆಗಳು ಹೊಟ್ಟೆ ತುಂಬಿಸುತ್ತವೆ. ಬಾರ್ಲಿ ಸೂಪಿನಲ್ಲಿ ಹಂದಿಮಾಂಸ ಇರುವುದೇ ಹೆಚ್ಚು, ಕೇಳಿಯೇ ತರಿಸಿಕೊಳ್ಳಬೇಕು.

ಹೊರಡುವ ಕಾಲದ ಬಗ್ಗೆ ಹೇಳುವುದಾದರೆ, ಗ್ರಾಸ್‌ಗ್ಲಾಕ್ನರ್ ರಸ್ತೆ ಸಾಮಾನ್ಯವಾಗಿ ಮೇ ತಿಂಗಳ ಆರಂಭದಲ್ಲೇ ತೆರೆದರೂ ಎತ್ತರದ ಕಾಲುದಾರಿಗಳಲ್ಲಿ ಜೂನ್‌ವರೆಗೆ ಹಿಮ ಉಳಿದಿರಬಹುದು. ಆಗಸ್ಟ್‌ನಲ್ಲಿ ಇಟಲಿಯವರ ರಜೆಯಿಂದಾಗಿ ವಿಪರೀತ ಜನಸಂದಣಿ. ಸೆಪ್ಟೆಂಬರಿನ ಮೊದಲ ವಾರಗಳಲ್ಲಿ ಸಿಡಿಲಿನ ಮಳೆ ಕಡಿಮೆಯಾಗಿರುತ್ತದೆ, ಆಶ್ರಯಮನೆಗಳು ಇನ್ನೂ ತೆರೆದಿರುತ್ತವೆ. ಮತ್ತೆ ಹೋಗುವ ಅವಕಾಶ ಸಿಕ್ಕರೆ ನಾನು ಆ ವಾರಗಳನ್ನೇ ಆರಿಸಿಕೊಳ್ಳುತ್ತೇನೆ.