ಹಿತ್ತಲ ಮೆಟ್ಟಿಲ ಪಾಚಿ ಹೋದದ್ದು ಹೀಗೆ

ನಮ್ಮದು ಉಡುಪಿ ಹತ್ತಿರ ಹಂಚಿನ ಮನೆ. ಅಡುಗೆಮನೆ ಹಿಂದಿನ ಸಿಮೆಂಟ್ ಮೆಟ್ಟಿಲಿಗೆ ಆಟಿ ತಿಂಗಳ (ತುಳುನಾಡಿನ ಮಳೆ ತಿಂಗಳು) ಹೊತ್ತಲ್ಲಿ ಕಾಲಿಟ್ಟರೆ ಎಣ್ಣೆ ಸುರಿದ ಹಾಗೆ. ಕಳೆದ ವರ್ಷ ಅಮ್ಮ ಕೊಡಪಾನ ಸಮೇತ ಜಾರಿದರು. ಮಣಿಕಟ್ಟು ಊದಿತು, ಮೂಳೆ ಮುರಿಯಲಿಲ್ಲ, ಪುಣ್ಯ.

ಬ್ಲೀಚಿಂಗ್ ಪೌಡರ್ ಕಲಸಿ ಚೆಲ್ಲಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಬ್ರಷ್‌ನಲ್ಲಿ ಉಜ್ಜಿದೆ. (ಬೇಗ ಹೋಗಲಿ ಅಂತ ಅದಕ್ಕೆ ಟಾಯ್ಲೆಟ್ ಆಸಿಡ್ ಮಾತ್ರ ಸೇರಿಸಬೇಡಿ, ಕ್ಲೋರಿನ್ ವಿಷಗಾಳಿ ಏಳುತ್ತದೆ.) ಎರಡೇ ವಾರಕ್ಕೆ ಪಾಚಿ ವಾಪಸ್!

ಒಂದು ದಿನ ಜೋರು ಮಳೆಗೆ ಸುಮ್ನೆ ನಿಂತು ನೋಡಿದೆ. ಮಾಡಿನ (ಸೂರಿನ) ನೀರೆಲ್ಲ ಸೀದಾ ಮೆಟ್ಟಿಲ ಮೇಲೇ ಬೀಳುತ್ತಿತ್ತು. ಮೇಲಿಂದ ಹಲಸಿನ ಮರದ ನೆರಳು. ಪಾಚಿಗೆ ಇನ್ನೇನು ಬೇಕು?

ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಹಿಂದಿನ ಅಡಿಕೆ ದಂಬೆಯ (ಸೀಳಿದ ಅಡಿಕೆ ಮರದ ದೋಣಿ) ಹಾಗೆ ಮಾಡಿನ ಅಂಚಿಗೆ ಕಟ್ಟಿ ನೀರನ್ನು ತೋಟಕ್ಕೆ ತಿರುಗಿಸಿದೆ. ಹಲಸಿನ ಮರದ ಎರಡು ಗೆಲ್ಲು ಕಡಿಸಿದೆ. ಬೇಸಿಗೆಯಲ್ಲಿ ಮೆಟ್ಟಿಲಿಗೆ ಹೊಸ ಗಾರೆ ಹಾಕಿಸಿ, ಹಸಿ ಇರುವಾಗಲೇ ಹಿಡಿಸೂಡಿಯಿಂದ ಅಡ್ಡ ಗೀರು ಎಳೆದೆ. ಈಗ ಕಾಲು ಹಿಡಿಯುತ್ತದೆ.

ಈ ಮಳೆಗಾಲ ಯಾರೂ ಜಾರಲಿಲ್ಲ. ಆದರೂ ಅಮ್ಮ ಅಂಗಳಕ್ಕೆ ತೆಂಗಿನ ಮಡಲು ಹಾಸುವುದು ಬಿಟ್ಟಿಲ್ಲ. "ನಿನ್ನ ಗೀರು ನಿನಗಿರಲಿ" ಅನ್ನುತ್ತಾರೆ.