ವರ್ಗಕ್ಕೊಂದು ರಾತ್ರಿ: ಕನ್ನಡ ಅಕ್ಷರಮಾಲೆಯಲ್ಲಿ ಹಿಂದೂಸ್ತಾನಿ ಒಗಟು

ನಮ್ಮ ವಾಟ್ಸಾಪ್ ಗುಂಪಿನಲ್ಲಿ ಹಿಂದೂಸ್ತಾನಿ, ಅಂದರೆ ಉತ್ತರಾದಿ ಸಂಗೀತದ ಒಗಟಿನ ಆಟ ಆಡುತ್ತೇವೆ. ಹೋದ ವಾರ ಪ-ವರ್ಗದ (ಪ, ಫ, ಬ, ಭ, ಮ) ರಾತ್ರಿ ಆಡಿದೆವು. 23 ಮಂದಿ ಉತ್ತರ ಕಳಿಸಿದರು. ಐದಕ್ಕೆ ಐದೂ ಸರಿ ಮಾಡಿದವರು ಒಬ್ಬರೇ. ಆಟ ಅರ್ಧ ಗಂಟೆಯದು, ಆಮೇಲಿನ ಮಾತು ಹನ್ನೆರಡರ ತನಕ ನಡೆಯಿತು. ಮೂರು ವರ್ಷದ ಹಿಂದೆ ಇದೇ ಗುಂಪಿನವರು ನನಗೆ ಹೇಳಿದ್ದು ಇನ್ನೂ ನೆನಪಿದೆ: "ಹಿಂದೂಸ್ತಾನಿಗೂ ನಮ್ಮ ಅಆಇಈಗೂ ಏನ್ ಸಂಬಂಧರೀ? ನಡಿಯಂಗಿಲ್ಲ ಬಿಡ್ರಿ." ನಡೆಯಿತು. ಹೇಗೆ ನಡೆಯಿತು ಅಂತ ಬರೆದಿಡುತ್ತಿದ್ದೇನೆ.

ನಾನು ಕಲಬುರಗಿಯ ಒಂದು ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಸಂಜೆ ಭಜನೆಗೆ ಪೇಟಿ (ಹಾರ್ಮೋನಿಯಂ) ನುಡಿಸುತ್ತೇನೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಬೀದರ್‌ನ ತಬಲಾ ಮಾಸ್ತರು, ಶಹಾಪುರದ ನಿವೃತ್ತ ಶಿಕ್ಷಕರು, ಸೇಡಂನ ನರ್ಸ್ ಅಕ್ಕ, ಇಲ್ಲಿಗೆ ವರ್ಗವಾಗಿ ಬಂದ ಮೈಸೂರು ಕಡೆಯ ಬ್ಯಾಂಕಿನವರು, ಹೀಗೆ ಎಲ್ಲ ತರದವರೂ ಇದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ಶುರುವಾದಾಗ ನಾವೂ ಎ ಟು ಝಡ್ ಆಡುತ್ತಿದ್ದೆವು. ಒಂದು ಅಕ್ಷರ, ಒಂದು ಪ್ರಶ್ನೆ. ಕ್ಯೂ, ಎಕ್ಸ್ ಬಂದಾಗ ಸುಮ್ನೆ ಹಾರಿಸುತ್ತಿದ್ದೆವು.

ಅದಕ್ಕಿಂತ ದೊಡ್ಡ ತೊಂದರೆ ಟಿ ಅಕ್ಷರದಲ್ಲಿತ್ತು. ತೋಡಿ ರಾಗ, ಟಪ್ಪಾ, ಠುಮ್ರಿ ಅನ್ನುವ ಹಾಡಿನ ಬಗೆಗಳು, ರಾಗಗಳನ್ನು ಗುಂಪು ಮಾಡುವ ಥಾಟ್, ಎಲ್ಲವೂ ಅದೊಂದರಲ್ಲೇ. ಡಿ ತೆಗೆದರೆ ದರ್ಬಾರಿ ರಾಗ, ಧಮಾರ್ ತಾಳ, ತಬಲಾದ ಜೊತೆಯ ಡಗ್ಗಾ, ಢೋಲಕ್. ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ಕಲಸಿ ಮುದ್ದೆ. ನಮ್ಮ ಅಕ್ಷರಮಾಲೆಯಲ್ಲಿ ಇವಕ್ಕೆಲ್ಲ ಬೇರೆ ಬೇರೆ ಮನೆ ಇದೆ. ಠುಮ್ರಿಗೆ ಠ, ಝಪತಾಲಕ್ಕೆ ಝ, ಛಾಯಾನಟ್ ರಾಗಕ್ಕೆ ಛ, ಷಡ್ಜಕ್ಕೆ (ಸಾ ಸ್ವರ) ಷ, ಐದು ಸ್ವರದ ಔಡವಕ್ಕೆ ಔ. ದಿನಬಳಕೆಯಲ್ಲಿ ಕೆಲಸವೇ ಇಲ್ಲದ ಅಕ್ಷರಗಳಿಗೆ ಹಿಂದೂಸ್ತಾನಿಯಲ್ಲಿ ಕೈತುಂಬ ಕೆಲಸ. ಇದು ಹೊಳೆದ ದಿನ ಮಿಲ್ಲಿನ ಹಳೆಯ ಲೆಕ್ಕದ ಪುಸ್ತಕದ ಹಿಂದೆಯೇ ಪೂರ್ತಿ ಪಟ್ಟಿ ಬರೆದುಬಿಟ್ಟೆ.

ಆದರೂ ಮೊದಲ ಎರಡು ಸುತ್ತು ಪೂರ್ತಿ ಸೋತವು. ಒಂದು ದುಡ್ಡಿನಿಂದ, ಇನ್ನೊಂದು ಟೈಪಿಂಗ್‌ನಿಂದ.

ಜನ ಬರಲಿ ಅಂತ ಸುತ್ತಿಗೆ 500 ರೂಪಾಯಿ ಬಹುಮಾನ ಇಟ್ಟೆ. ಮೂರನೇ ರಾತ್ರಿಗೇ ಎಲ್ಲರೂ ಪಂಡಿತರಾದರು! ಪ್ರಶ್ನೆ ಹಾಕಿದ ಹತ್ತೇ ಸೆಕೆಂಡಿಗೆ ಅಂತರ್ಜಾಲದಿಂದ ಎತ್ತಿದ ಉತ್ತರ. ಧ್ವನಿಮುದ್ರಿಕೆಯ ತುಣುಕು ಹಾಕಿದರೆ ಹಾಡು ಗುರುತಿಸುವ ಆ್ಯಪ್‌ಗೆ ಕೇಳಿಸಿ ಉತ್ತರ ತರುತ್ತಿದ್ದರು. ಆಪ್ತರಿಬ್ಬರು ಇದೇ ವಿಷಯಕ್ಕೆ ಜಗಳವಾಡಿ ಗುಂಪು ಬಿಟ್ಟರು. ಆಮೇಲೆ ತಲೆಗೆ 20 ರೂಪಾಯಿ ಶುಲ್ಕ ಇಟ್ಟು ನೋಡಿದೆ. ಹನ್ನೊಂದು ಜನ ಉಳಿದರು. ವಿಡಿಯೋ ಕರೆಯಲ್ಲಿ ಎದುರಾಎದುರು ಆಡೋಣ ಅಂತ ತಿಂಗಳ ಚಂದಾ ಕಟ್ಟಿದೆ, ಸುಮಾರು 1,300. ಮೇ ತಿಂಗಳು, ಹೊರಗೆ 43 ಡಿಗ್ರಿ, ಎಂಟಕ್ಕೆ ಕರೆಂಟ್ ಹೋದರೆ ಒಂಬತ್ತಕ್ಕೆ ಬರುತ್ತಿತ್ತು. ಒಂದು ಮೈಕ್ ತಂದೆ, 2,200 ಇರಬೇಕು. ಬಹುಮಾನ ಎಲ್ಲ ಸೇರಿ ಆ ವರ್ಷ ಎಂಟು ಸಾವಿರದ ಹತ್ತಿರ ಹೋಯಿತು. ಮನೆಯಲ್ಲಿ ಕೇಳಿದರು. ಹೇಳಲಿಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದರಲ್ಲಿ ಮೈಕ್ ಒಂದೇ ಇವತ್ತಿಗೂ ಕೆಲಸಕ್ಕೆ ಬರುತ್ತಿದೆ.

ಟೈಪಿಂಗ್ ಕಥೆ ಬೇರೆ. ಭೀಮ್‌ಪಲಾಸ್, ಭೀಮಪಲಾಸಿ, ಭೀಮಪಲಾಶ್ರೀ, ಒಂದೇ ರಾಗಕ್ಕೆ ಒಂದೇ ರಾತ್ರಿ ಮೂರು ಕಾಗುಣಿತ. ಯಾರದು ಸರಿ ಅಂತ ವಾದ. ರಿ ಸ್ವರದ ಹೆಸರು ಋಷಭವೋ ರಿಷಭವೋ ಅಂತ ಇನ್ನೊಂದು. ಥಾಟ್ ಅನ್ನು ಠಾಠ್ ಅಂತ ಬರೆಯುವವರೂ ಇದ್ದಾರೆ, ಅವರೂ ತಪ್ಪಲ್ಲ, ಅಲ್ವಾ?

ಬಗೆಹರಿದದ್ದು ಹೀಗೆ. ಒಂದು ರಾತ್ರಿಗೆ ಒಂದು ಅಕ್ಷರದ ಬದಲು ಒಂದು ವರ್ಗ. ಐದು ಅಕ್ಷರಕ್ಕೆ ಐದು ತುಣುಕು, ಹಿಂದೆ ಮುಂದೆ ಮಾಡಿ ಹಾಕುತ್ತೇನೆ. ಯಾವ ತುಣುಕು ಯಾವ ಅಕ್ಷರದ್ದು ಅಂತ ಹೊಂದಿಸಬೇಕು. ಉತ್ತರ ಬರೀ ಐದು ಅಂಕಿ, 41352 ಅಂದ ಹಾಗೆ. ಕಾಗುಣಿತದ ಮಾತೇ ಇಲ್ಲ. ಟ-ವರ್ಗ ಒಂದು ರಾತ್ರಿ, ತ-ವರ್ಗ ಇನ್ನೊಂದು ರಾತ್ರಿ ಆದ್ದರಿಂದ ಥಾಟ್-ಠಾಠ್ ಜಗಳವೂ ತಾನಾಗಿ ತೀರಿತು. ತುಣುಕುಗಳನ್ನು ನಾನೇ ಪೇಟಿಯಲ್ಲಿ ನುಡಿಸುತ್ತೇನೆ, ಎಂಟು ಹತ್ತು ಸೆಕೆಂಡು ಅಷ್ಟೇ. ತಾಳಗಳು ಬೀದರ್ ಮಾಸ್ತರದು. ಆ್ಯಪ್‌ಗೆ ಕೇಳಿಸಿದರೆ ಅದಕ್ಕೆ ಏನೂ ಸಿಗುವುದಿಲ್ಲ. ವ್ಯಕ್ತಿಗಳ ಹೆಸರಾದರೆ ಬಾಯಲ್ಲೇ ಒಂದು ಸಾಲು ಸುಳಿವು.

ನಾಲ್ಕು ಗೊತ್ತಾದರೆ ಐದನೆಯದು ಪುಕ್ಕಟೆ ಸಿಗುತ್ತಿತ್ತು. ಅದಕ್ಕೆ ಆರನೇ ತುಣುಕು ಸೇರಿಸಿದೆ, ಆ ವರ್ಗಕ್ಕೆ ಸೇರದ್ದು. ನಾವು ಅದನ್ನು ಜೊಳ್ಳು ಅನ್ನುತ್ತೇವೆ. ಆಟದ ಜೀವ ಇರುವುದು ಈ ಜೊಳ್ಳಿನಲ್ಲೇ. ಚ-ವರ್ಗದಲ್ಲಿ ಚೌತಾಲ ಇಟ್ಟರೆ ಜೊಳ್ಳಿಗೆ ಏಕತಾಲ. ಎರಡಕ್ಕೂ 12 ಮಾತ್ರೆ (ತಾಳದ ಎಣಿಕೆ), ಎಣಿಸುತ್ತ ಕೂತವರು ಸಿಕ್ಕಿಬಿದ್ದರು, ಬೋಲ್ (ತಬಲಾದ ನುಡಿ) ಕೇಳಿದವರು ಪಾರಾದರು.

ಇನ್ನು ಪ-ವರ್ಗ. ನಾಲ್ಕು ರಾಗ, ಒಬ್ಬ ಗಾಯಕರು: ಪೂರಿಯಾ, ಫೈಯಾಜ್ ಖಾನ್, ಬಾಗೇಶ್ರೀ, ಭೀಮ್‌ಪಲಾಸ್, ಮಾರ್ವಾ. ಜೊಳ್ಳು ಸೋಹನಿ ರಾಗ. ಫೈಯಾಜ್ ಖಾನರದು ಸುಲಭ: ಆಗ್ರಾ ಘರಾಣೆ (ಗಾಯನ ಪರಂಪರೆ), 1950ರಲ್ಲಿ ಬರೋಡಾದಲ್ಲಿ ತೀರಿಕೊಂಡರು ಅಂತ ಸುಳಿವು. ಉಳಿದವು ನೋಡಿ. ಪೂರಿಯಾ, ಮಾರ್ವಾ, ಸೋಹನಿ ಮೂರಕ್ಕೂ ಸ್ವರ ಅವೇ. ಕೋಮಲ (ಇಳಿಸಿದ) ರಿಷಭ, ತೀವ್ರ (ಏರಿಸಿದ) ಮಧ್ಯಮ, ಪಂಚಮ ಅಂದರೆ ಪ ಇಲ್ಲ. ಪೇಟಿಯ ಮೇಲೆ ಬೆರಳು ಹೋಗುವುದು ಅದೇ ಮನೆಗಳಿಗೆ. ಪೂರಿಯಾಕ್ಕೆ ಮಂದ್ರದಲ್ಲಿ (ಕೆಳಗಿನ ಸ್ಥಾಯಿ) ಇಳಿದು ಗಾಂಧಾರ (ಗ), ನಿಷಾದಗಳ (ನಿ) ಮೇಲೆ ನಿಂತೆ. ಮಾರ್ವಾಕ್ಕೆ ರಿಷಭ, ಧೈವತ (ಧ) ಹಿಡಿದು ಷಡ್ಜವನ್ನು ಕೊನೆಯ ತನಕ ಮುಟ್ಟಲಿಲ್ಲ. ಸೋಹನಿ ಮೇಲಿನ ಷಡ್ಜದ ಸುತ್ತಲೇ ಆಡುವ ರಾಗ. ತುಂಬ ಮೇಲೆ ಹೋದರೆ ತಕ್ಷಣ ಗೊತ್ತಾಗಿಬಿಡುತ್ತೆ, ಅದಕ್ಕೆ ಒಂದು ಸಣ್ಣ ಉಪಾಯ ಮಾಡಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಗುಂಪಿನವರೂ ಇದನ್ನು ಓದುತ್ತಾರೆ. ಬಾಗೇಶ್ರೀ, ಭೀಮ್‌ಪಲಾಸ್ ಎರಡೂ ಕಾಫಿ ಥಾಟಿನವು, ಎರಡಕ್ಕೂ ಕೋಮಲ ಗಾಂಧಾರ, ಕೋಮಲ ನಿಷಾದ. ಮಧ್ಯಮದಿಂದ ಧೈವತಕ್ಕೆ ಹತ್ತಿದರೆ ಬಾಗೇಶ್ರೀ, ಪಂಚಮಕ್ಕೆ ಹತ್ತಿ ನಿಷಾದಕ್ಕೆ ಹೋದರೆ ಭೀಮ್‌ಪಲಾಸ್. ಆ ಒಂದೇ ಹೆಜ್ಜೆ ಕೇಳಿಸಿದೆ, ಬೇರೇನೂ ಇಲ್ಲ.

ಹದಿನೈದು ಹದಿನಾರು ಜನ ಮಾರ್ವಾ ಇದ್ದಲ್ಲಿ ಸೋಹನಿ ಹಾಕಿದ್ದರು. ಐದೂ ಸರಿ ಮಾಡಿದವರು ಸೇಡಂನ ಅಕ್ಕ. ರಾತ್ರಿ ಪಾಳಿಯಲ್ಲಿ, ಒಂದೇ ಕಿವಿಗೆ ಇಯರ್‌ಫೋನ್ ಹಾಕಿಕೊಂಡು! ಹೇಗೆ ಗೊತ್ತಾಯಿತು ಅಂತ ಕೇಳಿದೆ. "ಅಣ್ಣಾರೀ, ಒಂದ್ರಾಗ ಸಾ ಬರಲಿ ಬರಲಿ ಅಂತ ಜೀವ ಹಾತೊರೀತಿತ್ತು. ಅದೇ ಮಾರ್ವಾ ಅಂತ ಬರದೆ" ಅಂದರು. ನಾನು ನುಡಿಸುವಾಗ ಮನಸ್ಸಿನಲ್ಲಿದ್ದದ್ದೂ ಅದೇ.

ಒಂದು ಎಚ್ಚರಿಕೆ. ದ ಅಕ್ಷರಕ್ಕೆ ದರ್ಬಾರಿಯನ್ನು ಪೇಟಿಯಲ್ಲಿ ಇಡಬೇಡಿ. ಆ ಗಾಂಧಾರದ ಆಂದೋಲನ, ಅಂದರೆ ಸ್ವರದ ನಿಧಾನ ತೂಗಾಟ, ಪೇಟಿಗೆ ಬರುವುದಿಲ್ಲ. ನಾನು ನುಡಿಸಿದ ದರ್ಬಾರಿಯನ್ನು ಅರ್ಧ ಜನ ಅದಕ್ಕೆ ಹತ್ತಿರದ ಅಡಾಣಾ ರಾಗ ಅಂದರು, ಅವರ ತಪ್ಪೇನೂ ಇಲ್ಲ. ಈಗ ದೇಸ್ ರಾಗ ಇಡುತ್ತೇನೆ.

ಕಷ್ಟದ ಅಕ್ಷರಗಳೂ ಇವೆ. ಹ್ರಸ್ವ ಎ, ಒ ಹಿಂದಿಯಲ್ಲೇ ಇಲ್ಲ, ಹಾಗಾಗಿ ಕನ್ನಡದ ಕಡೆಯಿಂದ ತಂದೆ. ಎ ಅಂದರೆ ಎಂಟು, ಕೆಹರ್ವಾ ತಾಳದ ಮಾತ್ರೆ. ಒ ಅಂದರೆ ನಾಗಸ್ವರದ ಜೊತೆ ಶ್ರುತಿ ಹಿಡಿಯುವ ಒತ್ತು. ಣ ಶಬ್ದದ ಮೊದಲಿಗೆ ಬರಲ್ಲ, ಒಳಗಿದ್ದರೆ ಸಾಕು ಅಂತ ನಿಯಮ ಮಾಡಿದೆವು: ಘರಾಣಾ, ವೀಣೆ. ಙ, ಞ ನೋಡಿ ಎಲ್ಲರೂ ಕೈಬಿಟ್ಟಿದ್ದರು. ಶಹಾಪುರದ ಗುರುಗಳು ಬಿಡಿಸಿದರು. ಸೊನ್ನೆ ಬಿಡಿಸಿ ಬರೆಯಿರಿ ಅಂದರು. ಸಾರಂಗ ಅಂದರೆ ಸಾರಙ್ಗ, ಪಂಚಮ ಅಂದರೆ ಪಞ್ಚಮ. ಎರಡೂ ಅಕ್ಷರ ನಮ್ಮ ಬಾಯಲ್ಲೇ ಇದ್ದವು.

ಬ್ಯಾಂಕಿನವರಿಗೆ ಕರ್ನಾಟಕ ಸಂಗೀತವೂ ಬೇಕು ಅಂತ ಒಂದು ಸುತ್ತು ಕಟಪಯಾದಿ, ಅಂದರೆ ಅಕ್ಷರಕ್ಕೊಂದು ಅಂಕಿ ಕೊಡುವ ಪದ್ಧತಿ, ಆಡಿ ನೋಡಿದೆವು. ಮೇಳ ಅಂದರೆ ಅವರ ಮೂಲ ರಾಗ. ಅದರ ಹೆಸರಿನ ಮೊದಲ ಎರಡು ಅಕ್ಷರಕ್ಕೆ ಅಂಕಿ ಹಾಕಿ ತಿರುವಿದರೆ 72ರಲ್ಲಿ ಅದರ ಸಂಖ್ಯೆ ಸಿಗುತ್ತೆ. ಮೇಚಕಲ್ಯಾಣಿಗೆ ಮ 5, ಚ 6, ತಿರುವಿದರೆ 65. ನಮ್ಮ ಆಸಾವರಿ ಥಾಟಿಗೆ ಅವರ ಸಂಖ್ಯೆ ಎಷ್ಟು ಅಂತ ಕೇಳಿದೆ. ಏಳೆಂಟು ಜನ 10 ಅಂದರು. ಆಸಾವರಿಗೆ ಸಮನಾದ ಮೇಳವನ್ನು ಅವರು ನಟಭೈರವಿ ಅಂತ ಟ ಹಾಕಿ ಲೆಕ್ಕ ಮಾಡಿದ್ದರು, ನ 0, ಟ 1. ನಠಭೈರವಿ ಅಂತ ಠ (2) ಹಾಕಿದರೇ 20 ಬರುವುದು. 10 ಅಂದರೆ ನಾಟಕಪ್ರಿಯ, ಬೇರೆಯೇ ಮೇಳ. ಒಂದು ಮಹಾಪ್ರಾಣ ತಪ್ಪಿದರೆ ಹತ್ತು ಮೇಳ ಆಚೆ! ಎ ಟು ಝಡ್ ಇರಲಿ ಅಂದವರು ಆ ರಾತ್ರಿಯ ಮೇಲೆ ಆ ಮಾತು ಎತ್ತಿಲ್ಲ. ಆದರೆ ಪ್ರತಿ ವಾರ ಆಡಿದರೆ ಇದು ಬರೀ ಗಣಿತ ಆಗುತ್ತೆ. ವರ್ಷಕ್ಕೆ ಒಂದು ಸಲ ಸಾಕು.

ಈಗ ಖರ್ಚು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಸ್ವರಕ್ಕೆ ಎರಡು ರಾತ್ರಿ, ವರ್ಗಗಳಿಗೆ ಐದು, ಯ ದಿಂದ ಳ ತನಕ ಎರಡು. ವಾರಕ್ಕೊಂದರಂತೆ ಒಂಬತ್ತು ವಾರಕ್ಕೆ ಒಂದು ಸುತ್ತು. ಗೆದ್ದವರಿಗೆ ನಮ್ಮ ಮಿಲ್ಲಿನ ಒಂದು ಕಿಲೋ ತೊಗರಿ ಬೇಳೆ ಕಳಿಸುತ್ತೇನೆ, ಕೊರಿಯರ್‌ಗೆ 80-90 ರೂಪಾಯಿ. ಒಂದು ಕಿಲೋ ಬೇಳೆಗಾಗಿ ಯಾರೂ ಮೋಸ ಮಾಡಿಲ್ಲ. ಜನವರಿ, ಫೆಬ್ರವರಿಯಲ್ಲಿ ಹೊಸ ತೊಗರಿ ಬರುವಾಗ ನನಗೆ ತಲೆ ಎತ್ತಲು ಬಿಡುವಿಲ್ಲ, ಆಗ ಆಟ ಬಂದ್.

ಮುಂದಿನ ಸುತ್ತಿಗೆ ಳ ಒಂದು ಬಾಕಿ ಇದೆ. ತಾಳ ಆಯಿತು, ಕೊಳಲು ಆಯಿತು, ಮೇಳವೂ ಆಯಿತು. ಹೊಸದು ಹೊಳೆದವರು ತಿಳಿಸಿ, ಅವರಿಗೂ ಒಂದು ಕಿಲೋ ಬೇಳೆ ಕಳಿಸುತ್ತೇನೆ.